ಬಡ ಬೊಕ್ಕಸದ ದೇಶಾಟನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಕೋಶವೆಂದರೆ ಗ್ರಂಥವೆಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟರು. ಆದರೆ ಆ ಪದಕ್ಕೆ ಬೊಕ್ಕಸವೆಂಬ ಇನ್ನೊಂದು ಅರ್ಥವೂ ಉಂಟು. ಮಧ್ಯಮ ವರ್ಗದ ಗೃಹಸ್ಥನು ಗಾದೆಯನ್ನು ಈ ಎರಡನೆಯ ಅರ್ಥದಲ್ಲಿಯೇ ಗ್ರಹಿಸುವವನು. ತಿಂಗಳ ಕೊನೆಯ ವಾರದಲ್ಲಿ ಒಮ್ಮೆ ಕೋಶವನ್ನು ಓದಿಕೊಂಡನೆಂದರೆ ದೇಶ ಸುತ್ತುವ ಆಸೆ ತಾನಾಗಿಯೇ ಅಡಗಿಹೋಗುತ್ತದೆ.

ಬೆಂಗಳೂರಿನ ವಾಚಕಿಯೊಬ್ಬರು ಬರೆದ ಪತ್ರವೇ ಈ ವಾರದ ಬರೆವಣಿಗೆಗೆ ಕಾರಣ. ಅವರ ಯಜಮಾನರ ಕಛೇರಿಯ ಮಿತ್ರರೊಬ್ಬರು ಸಕುಟುಂಬರಾಗಿ ತುರ್ಕಿಯ ಇಸ್ತಾಂಬುಲ್ ನಗರವನ್ನು ನೋಡಿ ಬಂದರಂತೆ. ಚಿತ್ರಗಳನ್ನು ಕಂಡ ಮಕ್ಕಳಿಬ್ಬರು, ‘ನಾವು ಯಾವಾಗ ಹೋಗುವುದು?’ ಎಂದು ದಿನವೂ ಪೀಡಿಸುತ್ತಿದ್ದಾರೆ. ಮನೆಯಲ್ಲಿ ಎಪ್ಪತ್ತೆರಡು ವರ್ಷದ ಅತ್ತೆಯವರಿದ್ದಾರೆ. ಅವರದು ಬೇರೆ ಬಯಕೆ: ಮಂಡಿ ಸೋತು ಹಾಸಿಗೆ ಹಿಡಿಯುವ ಮೊದಲು ಮಾದಪ್ಪನ ಬೆಟ್ಟವನ್ನು ಒಮ್ಮೆ ಕಣ್ತುಂಬ ನೋಡಬೇಕು. ‘ಕೂಡಿಟ್ಟಿರುವುದು ಆರು ಸಾವಿರ ರೂಪಾಯಿ. ಪ್ರತಿವರ್ಷವೂ ಮುಂದಿನ ವರ್ಷ ಎನ್ನುತ್ತ ಬಂದೆವು. ಈ ವರ್ಷ ಅತ್ತೆಯವರು ಕೇಳುವುದನ್ನೇ ಬಿಟ್ಟಿದ್ದಾರೆ’ ಎಂದು ಆಕೆ ಬರೆದಿದ್ದಾರೆ.

ಪತ್ರದ ಕೊನೆಯ ವಾಕ್ಯ ಸಾಮಾನ್ಯವಾದುದಲ್ಲ. ಕೈ ಬಿಗಿಯಾದಾಗ ಸಂಸಾರದಲ್ಲಿ ಮೊದಲು ಕತ್ತರಿಸಿಹೋಗುವುದು ಮನೆಯ ಹಿರಿಯರ ಮತ್ತು ಹೆಂಗಸರ ಆಸೆಗಳೇ. ಮಕ್ಕಳು ಹಟ ಮಾಡಿ ಪಡೆಯುತ್ತಾರೆ. ಯಜಮಾನನಿಗೆ ಕಛೇರಿಯ ನೆಪದಲ್ಲಿ ನಾಲ್ಕು ಊರಿನ ಗಾಳಿ ತಗಲುತ್ತದೆ. ಕೇಳದವರಿಗೆ ಮಾತ್ರ ಏನೂ ಇಲ್ಲ. ಆದುದರಿಂದ ಪತ್ರಕ್ಕೆ ಸಮಾಧಾನದ ಮಾತಿಗಿಂತ ಲೆಕ್ಕದ ಉತ್ತರವನ್ನು ಕೊಡುವುದೇ ಯೋಗ್ಯ.

ಇಸ್ತಾಂಬುಲಿನಿಂದ ಒಂದು ಪಾಠ

ಮಕ್ಕಳ ಸಲುವಾಗಿ ಮೊದಲು ಇಸ್ತಾಂಬುಲಿನ ಮಾತನ್ನೇ ಆಡೋಣ. ಒಂದೂವರೆ ಕೋಟಿಗೆ ಮೇಲ್ಪಟ್ಟು ಜನರಿರುವ ಮಹಾನಗರವದು. ಊರಿನ ನಡುವೆ ಬಾಸ್ಫರಸ್ ಜಲಸಂಧಿ. ಒಂದು ದಡ ಏಷ್ಯಾ ಖಂಡ, ಇನ್ನೊಂದು ದಡ ಯೂರೋಪು. ಹಣವುಳ್ಳ ಪ್ರವಾಸಿಗಳು ವಿಹಾರನೌಕೆಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಬಲ್ಲವರು ಮಾತ್ರ ಆ ಊರಿನ ಗುಮಾಸ್ತರೂ ವಿದ್ಯಾರ್ಥಿಗಳೂ ದಿನವೂ ಹತ್ತುವ ಸಾಮಾನ್ಯ ದೋಣಿಯನ್ನೇ ಹತ್ತುತ್ತಾರೆ. ಟ್ರಾಮಿಗೂ ರೈಲಿಗೂ ದೋಣಿಗೂ ನಡೆಯುವ ಒಂದೇ ಕಾರ್ಡಿನಲ್ಲಿ, ನಗರ ಪ್ರಯಾಣದ ಸಾಧಾರಣ ದರಕ್ಕೆ, ಅವರು ಖಂಡದಿಂದ ಖಂಡಕ್ಕೆ ದಾಟಿಬಿಡುತ್ತಾರೆ. ಕೈಯಲ್ಲಿ ಎಳ್ಳು ಮೆತ್ತಿದ ‘ಸಿಮಿತ್’ ಎಂಬ ಬಳೆಯಾಕಾರದ ರೊಟ್ಟಿ, ಪುಟ್ಟ ಗಾಜಿನ ಲೋಟದಲ್ಲಿ ಕಪ್ಪು ಚಹ. ಪ್ರಸಿದ್ಧವಾದ ಅಯಾ ಸೋಫಿಯಾದೊಳಗೆ ಹೋಗಲು ವಿದೇಶೀಯರು 2024ರಿಂದ ಶುಲ್ಕ ತೆರಬೇಕಾಗಿದೆ. ಆದರೆ ಸಿನಾನ್ ಎಂಬ ಮಹಾಶಿಲ್ಪಿ ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಸುಲೇಮಾನಿಯೆ ಮಸೀದಿಯ ಬಾಗಿಲು ಎಲ್ಲರಿಗೂ ಉಚಿತವಾಗಿ ತೆರೆದಿದೆ.

ಇದರಿಂದ ಮೂರು ಸೂತ್ರಗಳು ಸಿದ್ಧವಾಗುತ್ತವೆ. ಊರವರು ಹತ್ತುವ ವಾಹನವನ್ನೇ ಹತ್ತಬೇಕು. ಊರವರು ಉಣ್ಣುವುದನ್ನೇ ಉಣ್ಣಬೇಕು. ಕಡಿಮೆ ಸ್ಥಳಗಳನ್ನು ಹೆಚ್ಚು ಹೊತ್ತು ನೋಡಬೇಕು. ಈ ಸೂತ್ರಗಳಿಗೆ ವಿಮಾನದ ಟಿಕೆಟ್ಟು ಬೇಕಿಲ್ಲ. ಅವನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಯಳಂದೂರು, ಹನೂರು ಎಂಬ ಮೂರು ತಾಲ್ಲೂಕುಗಳಲ್ಲಿ ಪ್ರಯೋಗಿಸಿ ನೋಡೋಣ. ಅತ್ತೆಯವರ ಬೆಟ್ಟವಿರುವುದೂ ಅಲ್ಲಿಯೇ.

ಒಂದೂವರೆ ಟಿಕೆಟ್ಟು

ಈ ಸಂಸಾರದಲ್ಲಿ ಐವರು: ಗಂಡ, ಹೆಂಡತಿ, ಅತ್ತೆ, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯ ಪ್ರಕಾರ ಕರ್ನಾಟಕದ ನಿವಾಸಿಗಳಾದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಅಂದಮೇಲೆ ಐವರಲ್ಲಿ ಮೂವರಿಗೆ ಹಣವಿಲ್ಲ. ಯಜಮಾನರಿಗೆ ಒಂದು ಟಿಕೆಟ್ಟು, ಮಗನಿಗೆ ಅರ್ಧ. ಇಡೀ ಮನೆ ಒಂದೂವರೆ ಟಿಕೆಟ್ಟಿನಲ್ಲಿ ಹೊರಟಿತು. ‘ಎಲ್ಲರೂ ಹೊರಟರೆ ಬಸ್ಸಿನ ಖರ್ಚೇ ನುಂಗಿಹಾಕುತ್ತದೆ, ಅಮ್ಮ ಮನೆಯಲ್ಲಿರಲಿ’ ಎಂಬ ಹಳೆಯ ವಾದಕ್ಕೆ ಈಗ ಆಧಾರವಿಲ್ಲ. ನಿಜವನ್ನೇ ಹೇಳುವುದಾದರೆ, ಖರ್ಚು ಉಳಿಸಲು ಯಾರಾದರೂ ಮನೆಯಲ್ಲಿ ನಿಲ್ಲಬೇಕಾಗಿ ಬಂದರೆ ಅದು ಯಜಮಾನರೇ!

ಆರು ಸಾವಿರ ರೂಪಾಯಿಗಳನ್ನು ಹೊರಡುವ ಮುನ್ನವೇ ನಾಲ್ಕು ಲಕೋಟೆಗಳಲ್ಲಿ ಹಾಕಿ ಹೆಸರು ಬರೆಯಬೇಕು. ಮೂರು ರಾತ್ರಿಯ ವಸತಿಗೆ 2,200. ಊಟ ತಿಂಡಿಗೆ 1,800. ಬಸ್ಸು ಮತ್ತು ಆಟೋಗೆ 1,300. ಉಳಿದ 700 ರೂಪಾಯಿ ಆಪತ್ಕಾಲಕ್ಕೆ. ಈ ನಾಲ್ಕನೆಯ ಲಕೋಟೆಯನ್ನು ಮನೆಯೊಡತಿಯೇ ಇಟ್ಟುಕೊಳ್ಳಬೇಕು. ಕೊನೆಯ ದಿನದವರೆಗೂ ಅದನ್ನು ಒಡೆಯಬಾರದು. ಮೊದಲ ದಿನದ ಬುತ್ತಿ ಮನೆಯದೇ ಆಗಿರಲಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆಗಳು ಸಂಜೆಯವರೆಗೆ ಕೆಡುವುದಿಲ್ಲ.

ಮೊದಲ ದಿನ: ಕೊಳ್ಳೇಗಾಲ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿಯ ಮಾರ್ಗವಾಗಿ ಕೊಳ್ಳೇಗಾಲವು ಸುಮಾರು 140 ಕಿಲೋಮೀಟರು. ಊರಿಗೆ ರೈಲಿಲ್ಲ, ಬಸ್ಸೇ ಗತಿ. ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲಪಬಹುದು. ಬಸ್ ನಿಲ್ದಾಣಕ್ಕೆ ಹತ್ತಿರದಲ್ಲಿಯೇ ಒಂದು ಸಾಧಾರಣ ವಸತಿಗೃಹವನ್ನು ಹಿಡಿದು ಎರಡು ರಾತ್ರಿ ಅಲ್ಲಿಯೇ ತಂಗಬೇಕು. ದಿನಕ್ಕೊಂದು ಊರಿನಲ್ಲಿ ಗಂಟು ಬಿಚ್ಚಿ ಕಟ್ಟುವವರು ಹಣವನ್ನೂ ಕಳೆಯುತ್ತಾರೆ, ಚಾಮಾನನ್ನೂ ಕಳೆಯುತ್ತಾರೆ.

ಕೊಳ್ಳೇಗಾಲವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಎರಡು: ರೇಷ್ಮೆ ಮತ್ತು ಮಾಟ. ಮಾಟದ ವಿಷಯದಲ್ಲಿ ನಮ್ಮ ಸಲಹೆ ಸಂಕ್ಷಿಪ್ತವಾದುದು. ಇಡೀ ಪ್ರವಾಸದಲ್ಲಿ ಲಕೋಟೆಗಳಿಗೆ ಅದರಷ್ಟು ಅಪಾಯಕಾರಿ ವಸ್ತು ಬೇರೊಂದಿಲ್ಲ. ಯಾರಾದರೂ ಮುಖ ನೋಡಿ ಭವಿಷ್ಯ ಹೇಳಲು ಬಂದರೆ ಕೈಮುಗಿದು ಮುಂದೆ ಸಾಗುವುದು. ರೇಷ್ಮೆ ಹಾಗಲ್ಲ. ನೇಕಾರರ ಬೀದಿಯಲ್ಲಿ ಸಂಜೆ ನಡೆದರೆ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ವಿನಯದಿಂದ ಕೇಳಿದರೆ ನೋಡಲು ಬಿಡುವವರುಂಟು. ಹಿಪ್ಪುನೇರಳೆ ಎಲೆ ತಿಂದ ಹುಳು ಗೂಡು ಕಟ್ಟಿ, ಗೂಡು ನೂಲಾಗಿ, ನೂಲು ಸೀರೆಯಾಗುವ ಕ್ರಮವನ್ನು ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಮಕ್ಕಳು, ಮಗ್ಗದ ಮುಂದೆ ಕಾಲು ಗಂಟೆ ನಿಂತರೆ ಅದನ್ನು ಮತ್ತೆ ಮರೆಯುವುದಿಲ್ಲ. ಸೀರೆ ಕೊಳ್ಳಲು ಆರು ಸಾವಿರ ಸಾಲದು, ನೋಡಲು ಸಾಕು.

ಊಟದ ಬಳಿಕ ಮಧ್ಯಾಹ್ನದ ಹೊತ್ತನ್ನು ಶಿವನಸಮುದ್ರಕ್ಕೆ ಮೀಸಲಿಡಿ. ಕಾವೇರಿ ಇಲ್ಲಿ ಎರಡು ಕವಲಾಗಿ ದ್ವೀಪವನ್ನು ಬಳಸಿ ಧುಮುಕುತ್ತಾಳೆ. ಗಗನಚುಕ್ಕಿಯನ್ನು ಮಳವಳ್ಳಿಯ ಕಡೆಯಿಂದ ನೋಡುವುದು; ಭರಚುಕ್ಕಿ ಕೊಳ್ಳೇಗಾಲದ ಕಡೆಯದು. ಕೊಳ್ಳೇಗಾಲದಿಂದ ಸತ್ತೇಗಾಲದ ಮಾರ್ಗವಾಗಿ ಹೋಗಬೇಕು. ಬಸ್ಸು ಬಿಟ್ಟ ಮೇಲೆ ಉಳಿದ ದೂರಕ್ಕೆ ಆಟೋ. ಮೇಲಣ ಅಣೆಕಟ್ಟುಗಳು ತುಂಬಿ ನೀರು ಬಿಡುವ ಜುಲೈನಿಂದ ಅಕ್ಟೋಬರಿನವರೆಗೆ ನೋಟ ಭವ್ಯ. ಬೇಸಗೆಯಲ್ಲಿ ಬಂಡೆಗಳೇ ಹೆಚ್ಚು. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಣ ಮಧ್ಯರಂಗನ ದೇವಾಲಯ ಈ ದ್ವೀಪದಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಕಲ್ಲುಕಂಬದ ಸೇತುವೆಗಳ ಕುರುಹುಗಳೂ ಇಲ್ಲಿವೆ. 1902ರಲ್ಲಿ ಇಲ್ಲಿನ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಬೆಂಗಳೂರಿನ ಮಕ್ಕಳಿಗೆ ಇದನ್ನು ಹೇಳಬೇಕು: ನಮ್ಮ ಊರಿಗೆ ಮೊದಲು ದೀಪ ಹಚ್ಚಿದ ನೀರು ಇದು. ನೀರಿಗಿಳಿಯುವ ಸಾಹಸ ಮಾತ್ರ ಬೇಡ. ಪ್ರವಾಹ ಹೇಳಿ ಬರುವುದಿಲ್ಲ.

ಎರಡನೆಯ ದಿನ: ಯಳಂದೂರು ಮತ್ತು ಬಿಳಿಗಿರಿ

ಕೊಳ್ಳೇಗಾಲದಿಂದ ಯಳಂದೂರು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. 1956ರ ನವೆಂಬರ್ 1ಕ್ಕೆ ಮೊದಲು ಈ ಅರ್ಧ ಗಂಟೆಯಲ್ಲಿ ಒಂದು ಗಡಿಯನ್ನು ದಾಟಬೇಕಾಗಿತ್ತು. ಆಗ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನದು. ಇಸ್ತಾಂಬುಲಿನಲ್ಲಿ ದೋಣಿಯವರು ಖಂಡ ದಾಟುವಂತೆ ಇಲ್ಲಿನವರು ಸಂತೆಗೆಂದು ಹೊರಟು ರಾಜ್ಯವನ್ನೇ ದಾಟಿಬಿಡುತ್ತಿದ್ದರು. ಎರಡು ದಡದಲ್ಲಿಯೂ ಮಾತು ಕನ್ನಡವೇ.

ಯಳಂದೂರಿಗೂ ಇಸ್ತಾಂಬುಲಿಗೂ ಮತ್ತೊಂದು ನಂಟಿದೆ. 1786ರಲ್ಲಿ ಟಿಪ್ಪು ಸುಲ್ತಾನನು ನೂರಾರು ಜನರ ರಾಯಭಾರವೊಂದನ್ನು ಹಡಗುಗಳಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಕಳುಹಿಸಿದ. 1787ರಲ್ಲಿ ಅದು ಇಸ್ತಾಂಬುಲನ್ನು ತಲಪಿತು. ಕಾಣಿಕೆಗಳಿಗೂ ಹಡಗುಗಳಿಗೂ ಹಣ ಧಾರಾಳವಾಗಿ ಹರಿಯಿತು. ಹೋದವರಲ್ಲಿ ಬಹುಮಂದಿ ರೋಗಕ್ಕೆ ತುತ್ತಾದರು. ಬಯಸಿದ ಸೈನ್ಯಸಹಾಯವೂ ದೊರೆಯಲಿಲ್ಲ. ಆ ಟಿಪ್ಪುವಿನ ಹಣಕಾಸಿನ ಹೊಣೆ ಹೊತ್ತಿದ್ದ ಪೂರ್ಣಯ್ಯನವರು 1799ರ ಬಳಿಕ ಮೈಸೂರಿನ ದಿವಾನರಾದರು. 1807ರಲ್ಲಿ ಅವರಿಗೆ ಜಹಗೀರಾಗಿ ಬಂದ ಊರೇ ಯಳಂದೂರು. ಇಸ್ತಾಂಬುಲ್ ಯಾತ್ರೆಯ ಖರ್ಚನ್ನು ಬಲ್ಲ ಗೃಹಸ್ಥರೊಬ್ಬರಿಗೆ ಕೊನೆಗೆ ಸಿಕ್ಕಿದ್ದು ನಾವು ಅರ್ಧ ಗಂಟೆಯಲ್ಲಿ ಮುಟ್ಟುವ ಈ ಊರು!

ಪೇಟೆಯಲ್ಲಿಯೇ ಗೌರೀಶ್ವರ ದೇವಾಲಯವಿದೆ. ಹದಿನಾಡಿನ ಪಾಳೆಯಗಾರರು ಸುಮಾರು 1500ರಲ್ಲಿ ಕಟ್ಟಿಸಿದ ಗುಡಿ. ಅದರ ಮುಂದಣ ಬಳೆಮಂಟಪದ ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಣಿ ತೂಗುತ್ತದೆ. ಬಳೆಗಳನ್ನು ಬೇರೆ ಬೇರೆ ಮಾಡಿ ಪೋಣಿಸಿದ್ದಲ್ಲ. ಒಂದೇ ಕಲ್ಲಿನಲ್ಲಿ ಕೊರೆದದ್ದು. ಇದಕ್ಕೆ ಒಂದು ಗಂಟೆ ಕೊಡಿ. ಗೋಡೆಯ ಮೇಲಣ ಕಥೆಗಳನ್ನು ಮೊಮ್ಮಕ್ಕಳಿಗೆ ಬಿಡಿಸಿ ಹೇಳಲು ಅಜ್ಜಿಗಿಂತ ಒಳ್ಳೆಯ ಮಾರ್ಗದರ್ಶಿ ಯಾವ ಊರಿನಲ್ಲಿಯೂ ಸಿಕ್ಕಲಾರ, ಸಂಬಳವೂ ಇಲ್ಲ.

ನಮ್ಮ ವಾಚಕಿಯರು ಇಲ್ಲಿ ಒಂದು ಹೆಸರನ್ನು ನೆನೆಯಬೇಕು: ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು, ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದ ಈಕೆ ಯಳಂದೂರಿನವಳು. ಪತಿವ್ರತೆಯ ನಡತೆಯನ್ನು ಬೋಧಿಸುವ ಆ ಕಾವ್ಯದ ನಡುವೆಯೇ, ಹೆಣ್ಣನ್ನು ಕೀಳಾಗಿ ಕಾಣುವವರನ್ನು ಆಕೆ ನೇರವಾಗಿ ಪ್ರಶ್ನಿಸಿದಳು: ನಿಮ್ಮನ್ನು ಹೆತ್ತವಳೂ ಹೆಣ್ಣಲ್ಲವೆ ಎಂಬುದು ಅದರ ತಾತ್ಪರ್ಯ. ಹದಿನೇಳನೆಯ ಶತಮಾನದ ಆ ಮಾತನ್ನು, ಅಮ್ಮನ ಯಾತ್ರೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವ ಗಂಡುಮಕ್ಕಳು ಇಂದಿಗೂ ಕೇಳಿಸಿಕೊಳ್ಳಬಹುದು. ನಾಟಕಕಾರ ಸಂಸರು ಹುಟ್ಟಿದ ಅಗರವೂ ಇದೇ ತಾಲ್ಲೂಕಿನದು.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಬಸ್ಸಿದೆ. ಕಾಡಿನ ನಡುವೆ ಸುತ್ತುತ್ತ ಸುಮಾರು 5,000 ಅಡಿಯ ಎತ್ತರಕ್ಕೆ ಏರುವ ಈ ದಾರಿಯೇ ಒಂದು ಪ್ರದರ್ಶನ. ಕಿಟಕಿಯ ಪಕ್ಕದ ಸ್ಥಳ ಮಕ್ಕಳಿಗೆ ಸಿಕ್ಕಿದರೆ ಸಫಾರಿಯ ಹಣ ಉಳಿಯಿತು. ಜಿಂಕೆಯಂತೂ ಸಾಮಾನ್ಯ, ಅದೃಷ್ಟವಿದ್ದರೆ ಆನೆ. ದೇವಾಲಯದಲ್ಲಿ ರಂಗನಾಥನಿಗೆ ಭಕ್ತರು ಹೊಲಿದು ಒಪ್ಪಿಸುವ ದೊಡ್ಡ ಚರ್ಮದ ಪಾದುಕೆಗಳನ್ನು ನೋಡಬೇಕು. ಇಲ್ಲಿನ ಸೋಲಿಗರು ರಂಗನಾಥನನ್ನು ‘ಭಾವ’ ಎಂದು ಕರೆಯುತ್ತಾರೆ. ಅವರ ಕುಲದ ಕುಸುಮಾಲೆಯನ್ನು ಆತ ವರಿಸಿದನೆಂಬ ನಂಬಿಕೆ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಕಾನೂನಿನ ಮನ್ನಣೆ ದೊರೆಯಿತು. ಕಾಡಿನಲ್ಲಿ ಮನುಷ್ಯನೂ ಹುಲಿಯೂ ಒಟ್ಟಿಗೆ ಬಾಳಬಹುದೆ ಎಂಬ ದೊಡ್ಡ ಪ್ರಶ್ನೆಗೆ ಇಲ್ಲಿ ದಿನವೂ ಉತ್ತರ ಬರೆಯಲಾಗುತ್ತಿದೆ. ಸಂಜೆಯ ನಂತರ ಅರಣ್ಯದ ತಪಾಸಣಾ ದ್ವಾರ ಮುಚ್ಚುವುದರಿಂದ ಇಳಿಯುವ ಬಸ್ಸಿನ ವೇಳೆಯನ್ನು ಹತ್ತುವಾಗಲೇ ಕಂಡಕ್ಟರರಲ್ಲಿ ಕೇಳಿಟ್ಟುಕೊಳ್ಳಬೇಕು.

ಮೂರನೆಯ ದಿನ: ಹನೂರಿನ ದಾರಿ

ಹನೂರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನದೇ ಭಾಗ. ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟಗಳನ್ನು ಹಾದು ಮಲೆಯ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ತಾಳಬೆಟ್ಟದಿಂದ ಮುಂದೆ ನಡೆದು ಹತ್ತುವ ಭಕ್ತರು ರಸ್ತೆಯುದ್ದಕ್ಕೂ ಕಾಣಸಿಗುತ್ತಾರೆ. ‘ಉಘೇ ಮಾದಪ್ಪ’ ಎಂಬ ಕೂಗು ಬಸ್ಸಿನ ಒಳಗೂ ಹೊರಗೂ ಒಂದೇ. ಮಂಡಿ ನೋವಿನವರಿಗೆ ಬಸ್ಸು ದೇವಾಲಯದ ಸಮೀಪದವರೆಗೂ ಹೋಗುತ್ತದೆ. ಹೊಟ್ಟೆ ತೊಳಸುವವರು ಮುಂದಿನ ಆಸನಗಳಲ್ಲಿ ಕುಳಿತು, ಒಂದು ನಿಂಬೆಹಣ್ಣನ್ನು ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು, ತಿರುವುಗಳು ಬಹಳ.

ಬೆಟ್ಟದ ಮೇಲೆ ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ ವಸತಿಗೃಹಗಳಿವೆ. ಮೂರನೆಯ ರಾತ್ರಿ ಅಲ್ಲಿ. ದಾಸೋಹದಲ್ಲಿ ಬಂದವರಿಗೆಲ್ಲ ಊಟವುಂಟು. ಹುಲಿಯನ್ನೇರಿದ ಮಾದಪ್ಪನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳುವ ಸುಯೋಗ ದೊರೆತರೆ ಬಿಡಬಾರದು. ಬರೆಹ ಬಾರದ ಗಾಯಕರು ತಲೆಮಾರುಗಳಿಂದ ರಾತ್ರಿಯಿಡೀ ಹಾಡಿ ಉಳಿಸಿಕೊಂಡು ಬಂದ ಮಹಾಕಾವ್ಯವದು. 2023ರಲ್ಲಿ ಸ್ಥಾಪಿತವಾದ 108 ಅಡಿಯ ಪ್ರತಿಮೆಯನ್ನು ಮಕ್ಕಳು ದೂರದಿಂದಲೇ ಗುರುತಿಸುತ್ತಾರೆ. ಸಂಜೆ ದೇವರ ವಾಹನಸೇವೆಗಳಾಗುತ್ತವೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಜನಸಾಗರ. ವಯಸ್ಸಾದವರೊಡನೆ ಹೋಗುವವರು ಆ ದಿನಗಳನ್ನು ಬಿಟ್ಟು, ವಾರದ ನಡುವಣ ಒಂದು ಸಾಧಾರಣ ದಿನವನ್ನು ಆರಿಸಿಕೊಳ್ಳಬೇಕು. ಆಗ ಅಜ್ಜಿಗೆ ಬೇಕಾದ ‘ಕಣ್ತುಂಬ’ ಎಂಬುದು ನಿಜವಾಗಿ ಲಭಿಸುತ್ತದೆ, ಹಿಂದಿನಿಂದ ತಳ್ಳುವವರಿರುವುದಿಲ್ಲ.

ನಾಲ್ಕನೆಯ ದಿನ: ಟಿಕೆಟ್ಟಿಲ್ಲದ ಪರದೇಶ

ಹಿಂದಿರುಗುವ ದಿನ, ಶಕ್ತಿಯೂ ಸಮಯವೂ ಉಳಿದಿದ್ದರೆ, ಹನೂರಿನಲ್ಲಿ ಇಳಿದು ಲೊಕ್ಕನಹಳ್ಳಿಯ ಮಾರ್ಗವಾಗಿ ಒಡೆಯರಪಾಳ್ಯಕ್ಕೆ ಹೋಗಿ ಬರಬಹುದು. ಪರದೇಶ ನೋಡಬೇಕೆಂದು ಹಟ ಹಿಡಿದ ಮಕ್ಕಳಿಗೆ ಇದು ಉತ್ತರ. ತಮ್ಮ ನಾಡನ್ನು ಬಿಟ್ಟು ಬಂದ ಟಿಬೆಟ್ಟಿನವರಿಗೆ 1970ರ ದಶಕದಲ್ಲಿ ಇಲ್ಲಿ ನೆಲ ಕೊಡಲಾಯಿತು. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು, ಜೋಗ್ಚೆನ್ ಬೌದ್ಧ ಮಠದ ಹೊನ್ನಿನ ಬಣ್ಣದ ಶಿಖರ, ಕೆಂಪು ವಸ್ತ್ರದ ಬಾಲ ಸನ್ಯಾಸಿಗಳು, ಬಿಸಿ ಬಿಸಿ ತುಕ್ಪಾ ಎಂಬ ಶಾವಿಗೆಯ ಸಾರು. ನಾವು ದೇಶ ಸುತ್ತುವುದು ಸಂತೋಷಕ್ಕಾಗಿ. ದೇಶವನ್ನೇ ಕಳೆದುಕೊಂಡು ಸುತ್ತಿದವರೂ ಉಂಟೆಂಬುದನ್ನು ಮಕ್ಕಳು ಇಲ್ಲಿ ಅರಿಯುತ್ತಾರೆ. ಚಿತ್ರ ತೆಗೆಯುವ ಮುನ್ನ ಅಪ್ಪಣೆ ಕೇಳುವುದನ್ನು ಅವರಿಗೆ ಕಲಿಸಬೇಕು.

ಎಲ್ಲಿ ಉಳಿಸಬಾರದು

ಕಡಿಮೆ ಖರ್ಚಿನ ಪ್ರವಾಸಕ್ಕೂ ಜಿಪುಣತನಕ್ಕೂ ನಡುವೆ ಒಂದು ಗೆರೆಯಿದೆ. ವಾಹನದಲ್ಲಿ, ವಸತಿಯಲ್ಲಿ, ಆಡಂಬರದಲ್ಲಿ ಉಳಿಸಿ. ಬಡವರ ಬೆವರಿನಲ್ಲಿ ಉಳಿಸಬೇಡಿ. ಬೆಟ್ಟದ ದಾರಿಯಲ್ಲಿ ಸೀಬೆಹಣ್ಣು ಮಾರುವ ಮುದುಕಿಯೊಡನೆ ಐದು ರೂಪಾಯಿಗೆ ಚೌಕಾಶಿ ಮಾಡಿ ಗೆದ್ದವರು ಗೆದ್ದಂತೇನೂ ಅಲ್ಲ. ಸೋಲಿಗರ ಜೇನಿಗೆ ಅವರು ಹೇಳಿದ ಬೆಲೆಯನ್ನು ಕೊಡಿ. ದಾಸೋಹದಲ್ಲಿ ಉಂಡವರು, ಶಕ್ತಿಯಿದ್ದಷ್ಟು ಹುಂಡಿಗೆ ಹಾಕಿ ಏಳುವುದು ಮರ್ಯಾದೆ. ಅದು ಹಸಿದು ಬಂದವರಿಗಾಗಿ ಇಟ್ಟ ಎಲೆ, ಲೆಕ್ಕ ಉಳಿಸುವವರಿಗಾಗಿ ಅಲ್ಲ. ತಿಂದ ಪೊಟ್ಟಣವನ್ನು ಚೀಲದಲ್ಲಿಯೇ ತುರುಕಿ ಮನೆಗೆ ತನ್ನಿ. ಕಾಡಿನಲ್ಲಿ ಎಸೆದದ್ದನ್ನು ತಿನ್ನುವುದು ಜಿಂಕೆ.

ಹಿರಿಯರ ಔಷಧ, ಅವರಿಗೆ ಬೇಕಾದ ಬಿಸಿನೀರು, ಅಗತ್ಯ ಬಿದ್ದಾಗ ಒಂದು ಆಟೋ, ಇವುಗಳಲ್ಲಿಯೂ ಉಳಿತಾಯ ಸಲ್ಲದು. ನಾಲ್ಕನೆಯ ಲಕೋಟೆ ಇರುವುದೇ ಅದಕ್ಕಾಗಿ.

ಕೊನೆಗೆ ಒಂದು ಉಪಾಯ. ಹಣ ಕೂಡಿದ ಮೇಲೆ ತಾರೀಖು ಗೊತ್ತುಮಾಡುವ ಸಂಸಾರಗಳು ಹೊರಡುವುದೇ ಇಲ್ಲ. ಮೊದಲು ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ. ಅದನ್ನು ಆರಿಸುವ ಅಧಿಕಾರವನ್ನು ಮನೆಯ ಅತಿ ಹಿರಿಯರಿಗೆ ಕೊಡಿ. ಆ ಮೇಲೆ ತಿಂಗಳಿಗೆ 500 ರೂಪಾಯಿಯಂತೆ ಹನ್ನೆರಡು ತಿಂಗಳು ಡಬ್ಬಿಗೆ ಹಾಕುತ್ತ ಬಂದರೆ 6,000 ಆಯಿತು. ಇಸ್ತಾಂಬುಲ್ ಎಲ್ಲಿಗೂ ಓಡಿಹೋಗುವುದಿಲ್ಲ. ಎರಡು ಖಂಡಗಳ ಮೇಲೆ ಕಾಲೂರಿ ಶತಮಾನಗಳಿಂದ ನಿಂತ ಊರು, ಮಕ್ಕಳು ದೊಡ್ಡವರಾಗಿ ದುಡಿಯುವವರೆಗೂ ಕಾದೀತು. ಹಿರಿಯರ ಮಂಡಿ ಅಷ್ಟು ದಿನ ಕಾಯುವುದಿಲ್ಲ.